ಕೈಯೇ ಚಾವಿ

ನಾನು ಎರಡು ಕೈಗೂ ವಾಚು ಕಟ್ಟುತ್ತೇನೆ.

ಎಡಗೈಯದ್ದು ಹೆಂಗಸರ ವಾಚು, ಹುಣಸೆ ಬೀಜಕ್ಕಿಂತ ತುಸು ದೊಡ್ಡ ಮುಖ. ಬಲಗೈಯದ್ದು ಗಂಡಸರ ವಾಚು. ಸ್ಟೀಲಿನ ಪಟ್ಟಿ, ಬಿಸ್ಕತ್ತಿನಷ್ಟು ಅಗಲದ ಮುಖ. ಪಟ್ಟಿಯ ಕೊಂಡಿಗಳನ್ನು ತೆಗೆಸಿ ಗಿಡ್ಡ ಮಾಡಿಸಿದರೂ ಅದು ಮಣಿಕಟ್ಟಿನಿಂದ ಮೊಣಕೈಯವರೆಗೆ ಲಿಫ್ಟಿನ ಹಾಗೆ ಹತ್ತಿ ಇಳಿಯುತ್ತದೆ. ಬಳೆ ತೆಗೆದ ಕೈ ಬೋಳಾಗಿ ಕಾಣಬಾರದೆಂದು ಕಟ್ಟಿದ್ದೇನೆ ಎಂದು ಊರಿನ ಕೆಲವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ, ಪಾಪ. ನಿಜ ಹೇಳಲು ಹೊರಟರೆ ಜಪಾನಿನಿಂದ ಶುರು ಮಾಡಬೇಕಾಗುತ್ತದೆ.

ನನಗೆ ಕೆಲಸ ಮಸ್ಕತ್ತಿನ ಅಲ್ ಖೌದಿನಲ್ಲಿ, ಯೂನಿವರ್ಸಿಟಿಯ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ. ವರ್ಷಗಟ್ಟಲೆ ಓದಿದ ಮಕ್ಕಳು ಕೊನೆಗೆ ಬರೆದು ತರುವ ದಪ್ಪ ದಪ್ಪ ಪ್ರಬಂಧಗಳಿಗೆ ರಟ್ಟು ಹಾಕಿ, ಬೆನ್ನಿಗೆ ಚಿನ್ನದ ಬಣ್ಣದ ಅಕ್ಷರ ಒತ್ತಿಕೊಡುತ್ತೇನೆ. ಹತ್ತನೆಯ ಕ್ಲಾಸಿಗೆ ಓದು ನಿಲ್ಲಿಸಿದವಳ ಕೈಯಿಂದ ಎಷ್ಟೋ ಡಾಕ್ಟರುಗಳು ಹೊರಬಿದ್ದಿದ್ದಾರೆ. ಅಲ್ಲಿಗೆ ಬರುವ ಹುಡುಗಿಯರು ಕೌಂಟರಿನ ಮೇಲಿರುವ ನನ್ನ ಎರಡು ಕೈಗಳನ್ನು ನೋಡುತ್ತಾರೆ, ಒಂದೂವರೆ ಗಂಟೆಯ ವ್ಯತ್ಯಾಸವನ್ನು ಗಮನಿಸುತ್ತಾರೆ, ಆಮೇಲೆ ಮರ್ಯಾದೆಯಿಂದ, ಚಿಕ್ಕಮ್ಮ ಎಂದು ಕರೆದು, ಕೇಳುತ್ತಾರೆ: “ಖಾಲಾ, ಇದರಲ್ಲಿ ಸರಿ ಯಾವುದು?”

ಬಲಗೈಯದ್ದು ಇವರದ್ದು.

ಈ ಬರಹದಲ್ಲಿ ‘ಇವರು’ ಎಂದು ಬಂದಲ್ಲೆಲ್ಲ ನನ್ನ ಗಂಡ ಎಂದು ಓದಿಕೊಳ್ಳಿ. ಕನ್ನಡದಲ್ಲಿ ‘ಇವರು’, ನಮ್ಮ ಮನೆಯ ತುಳುವಿನಲ್ಲಿ ‘ಮೇರ್’. ಹೆಸರು ಹಿಡಿದು ಕರೆಯುವ ಧೈರ್ಯವಿಲ್ಲದ ಹೆಂಡಂದಿರಿಗಾಗಿ ಭಾಷೆ ಮಾಡಿಕೊಟ್ಟ ಅನುಕೂಲ ಅದು. ಕಳೆದ ಚಳಿಗಾಲದಲ್ಲಿ ಇವರು ತೀರಿಕೊಂಡರು. ದೂರ ಹೋದವರನ್ನು ‘ಅವರು’ ಎನ್ನಬೇಕಾದದ್ದು ವ್ಯಾಕರಣ. ಗೊತ್ತಿದ್ದರೂ ಬಾಯಿ ತಿರುಗುವುದಿಲ್ಲ. ವ್ಯಾಕರಣದಲ್ಲಿ ನನಗೆ ಶಾಲೆಯಲ್ಲೂ ಒಳ್ಳೆಯ ಮಾರ್ಕು ಬಂದದ್ದಿಲ್ಲ.

ಇವರು ಪೈಪು, ನಲ್ಲಿ, ನೀರಿನ ಟ್ಯಾಂಕು ಮಾರುವ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಮದುವೆಗೆ ಮೊದಲಿನ ರಜೆಗೆ ಊರಿಗೆ ಹೊರಟಾಗ ಮತ್ರಾದ ಸೂಕಿಗೆ, ಅಂದರೆ ಹಳೆಯ ಪೇಟೆಗೆ, ಹೋಗಿ ಈ ವಾಚು ಕೊಂಡರು. ಒಬ್ಬರು ಎದುರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಯಲ್ಲಿ, ಎಷ್ಟೋ ತಲೆಮಾರಿನಿಂದ ಅಲ್ಲೇ ಇರುವ ಗುಜರಾತಿ ಸೇಠರ ಅಂಗಡಿ. ಸೇಠರು ಮಾರಿದ್ದು ಬರೇ ವಾಚನ್ನಲ್ಲ. ಅದರ ಜತೆಗೆ ವಾಚಿನ ಕಂಪನಿಯ ಪೂರ್ತಿ ಪುರಾಣವನ್ನೂ ಕಟ್ಟಿಕೊಟ್ಟರು. ವಾಚಿಗೆ ಗ್ಯಾರಂಟಿ ಒಂದು ವರ್ಷದ್ದು. ಪುರಾಣ ಇವರು ಇರುವವರೆಗೂ ಬಾಳಿಕೆ ಬಂತು.

ಇವರು ಅದನ್ನು ವಿಮಾನದಲ್ಲೇ ಊರ ಗಂಟೆಗೆ ತಿರುಗಿಸಿಕೊಂಡರು. ಅಂದರೆ ಒಂದೂವರೆ ಗಂಟೆ ಮುಂದೆ. ತಪ್ಪೇನಿಲ್ಲ, ಎಲ್ಲರೂ ಮಾಡುವುದೇ. ತಪ್ಪಿದ್ದು ಹಿಂದೆ ಬಂದ ಮೇಲೆ. ಮಸ್ಕತ್ತಿನಲ್ಲಿ ಇಳಿದು ಎಲ್ಲರೂ ಮುಳ್ಳು ಹಿಂದೆ ತಿರುಗಿಸುವಾಗ ಇವರು ಸುಮ್ಮನೆ ನಿಂತರಂತೆ. ಮದುವೆಯಾಗಿ ನಾನು ಬಂದ ಮೇಲೆ ಕೇಳಿದೆ, ಯಾಕೆ ಹೀಗೆ ಎಂದು.

“ಎಂತ ಮಾರಾಯ್ತಿ, ಮತ್ತೆ ಊರಿಗೆ ಹೋಗ್ಲಿಕ್ಕೆ ಉಂಟಲ್ಲ. ಆಗ ಪುನಃ ತಿರುಗಿಸ್ಬೇಕು. ಸುಮ್ಮನೆ ಯಾಕೆ ಅದಕ್ಕೆ ಉಪದ್ರ ಕೊಡುವುದು?”

ಗಲ್ಫಿನಲ್ಲಿ ಬದುಕಿದವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಎಲ್ಲವೂ ತಾತ್ಕಾಲಿಕ. ಸೋಫಾ ತಾತ್ಕಾಲಿಕ ಎಂದು ಹಳೆಯದನ್ನೇ ತರುತ್ತೇವೆ. ಪರದೆ ತಾತ್ಕಾಲಿಕ ಎಂದು ಸೀರೆಯನ್ನೇ ಇಳಿಬಿಡುತ್ತೇವೆ. ಬರುವ ವರ್ಷ ವೀಸಾ ಕ್ಯಾನ್ಸಲ್ ಮಾಡಿ ಹೋಗುವುದೇ ಎಂದು ಪ್ರತಿ ವರ್ಷ ಹೇಳುತ್ತೇವೆ. ಹೇಳುತ್ತಾ ಹೇಳುತ್ತಾ ಮಗಳು ಹುಟ್ಟಿ, ಬೆಳೆದು, ಈಗ ಹನ್ನೆರಡನೆಯ ಕ್ಲಾಸು. ಸೀರೆಯ ಪರದೆ ಇನ್ನೂ ಇದೆ. ವಾಚು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಊರ ಗಂಟೆಯಲ್ಲೇ ಓಡಿತು, ಮುಂದಿನ ರಜೆ ನಾಳೆಯೋ ಎಂಬಂತೆ.

ಯಾರಾದರೂ ಗಂಟೆ ಕೇಳಿದರೆ ಇವರು ವಾಚು ನೋಡುವರು, ಆಮೇಲೆ ಆಕಾಶ ನೋಡುವರು, ತುಟಿ ಅಲ್ಲಾಡಿಸಿ ಒಂದೂವರೆ ಕಳೆಯುವರು, ಆಮೇಲೆ ಹೇಳುವರು. ಅಷ್ಟರಲ್ಲಿ ಕೇಳಿದವರ ಬಸ್ಸು ಹೋಗಿರುತ್ತಿತ್ತು. ಸ್ಟೋರಿನಲ್ಲಿ ಇವರಿಗೆ ‘ಡೇಢ್ ಘಂಟಾ’ ಎಂದೇ ಹೆಸರು. ವಾಚಿನಲ್ಲಿ ವಾರವೂ ಕಾಣುತ್ತದೆ, ಈ ಕಡೆಯ ಮಾರುಕಟ್ಟೆಗೆಂದು ಮಾಡಿದ್ದಾದ್ದರಿಂದ ಅರಬ್ಬಿಯಲ್ಲಿ. ಇವರಿಗೆ ಅರಬ್ಬಿ ಓದಲು ಬಾರದು. ಕೆಂಪಕ್ಷರದಲ್ಲಿ ಬಂದರೆ ಜುಮಾ, ಅಂದರೆ ಶುಕ್ರವಾರ, ರಜೆ, ಅಷ್ಟು ಗೊತ್ತು. ಊರಲ್ಲಿ ನಡುರಾತ್ರಿಯಾದಾಗ ಇಲ್ಲಿ ಇನ್ನೂ ಊಟ ಮುಗಿದ ಹೊತ್ತು. ಪ್ರತಿ ಗುರುವಾರ ತಟ್ಟೆ ತೊಳೆಯುತ್ತಿರುವ ನನ್ನ ಮುಖದೆದುರು ಕೈ ಹಿಡಿದು, “ನೋಡು, ನಮಗೆ ಜುಮಾ ಬಂತು. ಇಲ್ಲಿಯವರಿಗೆಲ್ಲ ಬರುವುದು ಇನ್ನು ಮೇಲೆ” ಎಂದು ಹಿಗ್ಗುವರು. ಶುಕ್ರವಾರ ರಾತ್ರಿ ಅದೇ ಲೆಕ್ಕದಲ್ಲಿ ಕೆಲಸದ ಶನಿವಾರವೂ ಬೇಗ ಬರುತ್ತಿತ್ತಲ್ಲ, ಆಗ ಮಾತ್ರ ಅಂಗಿಯ ತೋಳನ್ನು ವಾಚಿನ ಮೇಲೆ ಇಳಿಸಿಕೊಳ್ಳುತ್ತಿದ್ದರು.

ಈ ಒಂದೂವರೆ ಗಂಟೆಯಿಂದ ಒಮ್ಮೆ ಮಾತ್ರ ದೊಡ್ಡ ಅನಾಹುತ ಆಗುವುದರಲ್ಲಿತ್ತು. ಕಂಪನಿಯ ಡ್ರೈವರ್ ಮಜೀದ್ ಎಂಬವನು ರುಸ್ತಾಕಿನ ಒಮಾನಿ, ಇವರ ಪರಮ ಸ್ನೇಹಿತ. ಒಂದು ರಮದಾನಿನಲ್ಲಿ ಇಬ್ಬರೂ ಪೈಪು ತುಂಬಿಕೊಂಡು ರುಸ್ತಾಕಿಗೆ ಹೊರಟಿದ್ದರು. ವ್ಯಾನಿನ ರೇಡಿಯೋ ಕೆಟ್ಟಿತ್ತು. ದಾರಿಯಲ್ಲಿ ಸೂರ್ಯ ಗುಡ್ಡದ ಹಿಂದೆ ಹೋದ. ಸ್ಟಿಯರಿಂಗು ಹಿಡಿದ ಮಜೀದ್ ಓರೆಗಣ್ಣಿನಿಂದ ಇವರ ವಾಚು ನೋಡಿದವನೇ, ಉಪವಾಸ ಬಿಡುವ ಹೊತ್ತು ಆಯಿತೆಂದು, ಬಿಸ್ಮಿಲ್ಲಾ ಎಂದು ಖರ್ಜೂರವನ್ನು ತುಟಿಗೆ ತಂದ. ಅಷ್ಟರಲ್ಲಿ ದಾರಿ ತಿರುಗಿತು, ಗುಡ್ಡ ಬದಿಗೆ ಸರಿಯಿತು. ಸೂರ್ಯ ಅಲ್ಲೇ ಕಾಲು ಚಾಚಿ ಕೂತಿದ್ದ, ಹೋಗುವ ಅವಸರವೇ ಇಲ್ಲದೆ. ಮಜೀದ್ ಖರ್ಜೂರವನ್ನು ಪುನಃ ಡಬ್ಬಿಗೆ ಹಾಕಿ ಹೇಳಿದನಂತೆ: “ಯಾ ಸದೀಕ್, ಸೂರಜ್ ಒಮಾನಿ, ಘಡಿ ಹಿಂದಿ!” ಇಲ್ಲಿಯವರ ಬಾಯಲ್ಲಿ ಹಿಂದಿ ಎಂದರೆ ಭಾಷೆಯಲ್ಲ, ಇಂಡಿಯಾದವನು.

ಇನ್ನು ಆ ಪುರಾಣ. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಇವರು ಜೀವಮಾನವಿಡೀ ಅದಕ್ಕೆ ಬಿಟ್ಟಿ ಜಾಹೀರಾತು ಮಾಡಿದ್ದಾರೆ. ನಾನೂ ಮಾಡಿದರೆ ಕಂಪನಿಯವರಿಗೆ ಮುಜುಗರವಾದೀತು. ಕಥೆ ಹೇಳುವಾಗ ಇವರ ಬಾಯಿಗಿಂತ ಕೈ ಹೆಚ್ಚು ಮಾತಾಡುತ್ತಿತ್ತು. ಊಟಕ್ಕೆ ಬಂದವರು ನೀರಿನ ಲೋಟವನ್ನು ತಾವಾಗಿಯೇ ದೂರ ಇಡುತ್ತಿದ್ದರು.

ಕಥೆ ಹೀಗೆ: ಒಂದಾನೊಂದು ಕಾಲದಲ್ಲಿ ಟೋಕಿಯೋದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನಿಗೆ ಸ್ವಂತ ವ್ಯಾಪಾರ ಮಾಡುವ ಆಸೆ. ಯಾವ ವ್ಯಾಪಾರ? ಮಳೆ ಬಂದಾಗ ಎಲ್ಲ ಅಂಗಡಿಯವರೂ ಗಿರಾಕಿ ಇಲ್ಲದೆ ಬಾಗಿಲಲ್ಲಿ ಕೂತು ಆಕಳಿಸುತ್ತಾರೆ, (ಇಲ್ಲಿ ಇವರು ಹತ್ತೂ ಬೆರಳುಗಳಿಂದ ಮಳೆ ಸುರಿಸುವರು,) ಗಡಿಯಾರದ ಅಂಗಡಿಯವನು ಮಾತ್ರ ತಲೆ ಬಗ್ಗಿಸಿ ರಿಪೇರಿ ಮಾಡುತ್ತಲೇ ಇದ್ದಾನೆ. ಮಳೆಗಾಲದಲ್ಲೂ ಕೆಲಸ ಇರುವ ಕಸಬು! ಅದೇ ಸರಿ ಎಂದ ಹುಡುಗ. ನಮ್ಮ ಉಡುಪಿ ಕಡೆಯ ಯಾರಿಗಾದರೂ ಈ ಬುದ್ಧಿ ಮೊದಲೇ ಹೊಳೆಯಬೇಕಿತ್ತು, ಅಷ್ಟು ಮಳೆ ಇಟ್ಟುಕೊಂಡು ನಾವು ಹಪ್ಪಳ ಸುಟ್ಟು ತಿಂದು ಕಾಲ ಕಳೆದೆವು ಎಂದು ಇವರಿಗೆ ಭಾರೀ ಬೇಜಾರು.

ಆಮೇಲೆ ಭೂಕಂಪ. ಇದು ಇವರ ಪ್ರೀತಿಯ ಅಧ್ಯಾಯ. ಮೇಜು ಹಿಡಿದು ಅಲ್ಲಾಡಿಸುವರು, ಸಾರು ತುಳುಕುವುದು. ಊರಿಗೆ ಊರೇ ಬೆಂಕಿ. ಕಾರ್ಖಾನೆ ಸುಟ್ಟಿತು, ಅಂಗಡಿ ಸುಟ್ಟಿತು, ರಿಪೇರಿಗೆಂದು ಜನ ಕೊಟ್ಟುಹೋದ ವಾಚುಗಳೆಲ್ಲ ಕರಗಿ ಮುದ್ದೆಯಾದವು. ಈಗ ಮುದುಕನಾಗಿದ್ದ ಆ ಹುಡುಗ ಏನು ಮಾಡಿದ? (ಇಲ್ಲಿ ಎರಡು ಕೈಯನ್ನೂ ಗಾಳಿಯಲ್ಲಿ ನಿಲ್ಲಿಸಿ ಎಲ್ಲರ ಮುಖ ನೋಡುವರು. ನೂರು ಸಲ ಕೇಳಿದ ನಾವೂ ಗೊತ್ತಿಲ್ಲದವರ ಹಾಗೆ ನೋಡಬೇಕು.) ರಿಪೇರಿಗೆ ಕೊಟ್ಟವರೆಲ್ಲ ಬನ್ನಿ ಎಂದು ಕರೆದು, ಹಳೆಯದರ ಬದಲು ಒಬ್ಬೊಬ್ಬರಿಗೂ ಹೊಸ ವಾಚು ಕೊಟ್ಟ! ಕೈಗಳು ಆಗ ಇಡೀ ಊಟದ ಮೇಜಿಗೆ ವಾಚು ಹಂಚುತ್ತಿದ್ದವು.

ಇನ್ನೊಂದು ತಮಾಷೆ. ಕಂಪನಿ ದೊಡ್ಡದಾದ ಮೇಲೆ ತನ್ನದೇ ಎರಡು ಕಾರ್ಖಾನೆಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿತಂತೆ, ಯಾರ ವಾಚು ಹೆಚ್ಚು ನಿಖರ ನೋಡೋಣ ಎಂದು. ಒಂದೇ ಮನೆಯ ಇಬ್ಬರು ಸೊಸೆಯರಿಗೆ ಅತ್ತೆ ಬಂಗುಡೆ ಸಾರಿನ ಪಂದ್ಯ ಇಟ್ಟ ಹಾಗೆ. ಒಳ್ಳೆಯ ಸಾರು ಸಿಕ್ಕಿದ್ದು ಅತ್ತೆಗೇ. ಸ್ವಿಸ್ ದೇಶದವರ ಪರೀಕ್ಷೆಗಳಲ್ಲಿ ಜಪಾನಿನವರು ಅವರ ಪಕ್ಕಕ್ಕೇ ಬಂದು ಕೂತರಂತೆ. ಕೊನೆಗೆ ಕಲ್ಲಿನ ವಾಚು ಮಾಡಿದರು. ಕ್ವಾರ್ಟ್ಜ್ ಎಂಬ ಕಲ್ಲಿನ ಚೂರಿಗೆ ತುಸು ಕರೆಂಟು ಮುಟ್ಟಿಸಿದರೆ ಅದು ಒಂದು ಸೆಕೆಂಡಿನಲ್ಲಿ ಮೂವತ್ತೆರಡು ಸಾವಿರ ಚಿಲ್ಲರೆ ಸಲ ನಡುಗುತ್ತದೆ, ಆ ನಡುಕವನ್ನೇ ಎಣಿಸಿ ಗಂಟೆ ಹೇಳುವ ಕೈಗಡಿಯಾರ. ಮೊದಲು ಮಾಡಿದಾಗ ಅದರ ಬೆಲೆಗೆ ಒಂದು ಸಣ್ಣ ಕಾರು ಬರುತ್ತಿತ್ತಂತೆ. ಆಮೇಲೆ ಅದರ ಗುಟ್ಟನ್ನು ಉಳಿದವರಿಗೂ ಬಿಟ್ಟುಕೊಟ್ಟರು, ಲೋಕವೆಲ್ಲ ಮಾಡಿತು, ಈಗ ತರಕಾರಿ ಅಂಗಡಿಯಲ್ಲೂ ನೇತು ಹಾಕುತ್ತಾರೆ. ನನ್ನ ಎಡಗೈಯದ್ದು ಆ ವಂಶದ್ದೇ. ಬ್ಯಾಟರಿ ಹಾಕಿದರೆ ಆಯಿತು. ಮಾತಿಲ್ಲ ಕಥೆಯಿಲ್ಲ, ಸರಿಯಾಗಿ ಓಡುತ್ತದೆ.

“ನಿನ್ನ ಹಾಗೆ” ಎನ್ನುತ್ತಿದ್ದರು ಇವರು. ಹೊಗಳಿಕೆಯೋ ದೂರೋ ನನಗೆ ತಿಳಿಯಲೇ ಇಲ್ಲ.

ಇವರದ್ದು ಆಟೋಮ್ಯಾಟಿಕ್. ಬ್ಯಾಟರಿ ಇಲ್ಲ, ತಿರುಪಿ ಚಾವಿ ಕೊಡಲಿಕ್ಕೂ ಆಗುವುದಿಲ್ಲ. ಒಳಗೆ ಅರ್ಧ ಮುರಿದ ನೀರುದೋಸೆಯ ಆಕಾರದ ಒಂದು ಲೋಹದ ತುಂಡಿದೆ. ಕೈ ಆಡಿದರೆ ಅದು ಸುತ್ತುತ್ತದೆ, ಅದು ಸುತ್ತಿದರೆ ಸ್ಪ್ರಿಂಗು ಬಿಗಿಯುತ್ತದೆ. ಎಡಕ್ಕೆ ತಿರುಗಿದರೂ ಬಿಗಿಯುವಂತೆ, ಬಲಕ್ಕೆ ತಿರುಗಿದರೂ ಬಿಗಿಯುವಂತೆ ಜಪಾನಿನವರು ಎರಡು ಉಗುರಿನ ಒಂದು ಸಣ್ಣ ಕಡ್ಡಿ ಇಟ್ಟಿದ್ದಾರೆ, ಸಂಗತಿ ಇರುವುದೇ ಅದರಲ್ಲಿ. ಆಮೇಲಾಮೇಲೆ ಕಂಪನಿಯವರು ಕೈ ಆಡಿದರೆ ಕರೆಂಟು ಹುಟ್ಟುವ ವಾಚು ಮಾಡಿದರು, ಟಿಕ್ ಎನ್ನದೆ ಸೆಕೆಂಡು ಮುಳ್ಳು ಎಣ್ಣೆಯಲ್ಲಿ ಜಾರಿದಂತೆ ಜಾರುವ ವಾಚು ಮಾಡಿದರು, ಟೀವಿ ಕಾಣುವ ವಾಚನ್ನೂ ಮಾಡಿದರು. ಇವರಿಗೆ ಯಾವುದೂ ಬೇಡ. “ಇದಕ್ಕೆ ಕೈಯೇ ಚಾವಿ” ಎಂದು ಮೇಲೆತ್ತಿ ತೋರಿಸುವರು. ಎರಡು ದಿನ ಕೈ ಬಿಟ್ಟರೆ ನಿಲ್ಲುತ್ತದೆ. ಇವರ ಕೈಯಲ್ಲಿ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಕಡೆ ಚಾವಿ ಕೊಡುವುದು ಎಂದರೆ ಒಬ್ಬರನ್ನು ಕೆಣಕಿ ಮಾತಿಗೆ ಹಚ್ಚುವುದು ಎಂದೂ ಅರ್ಥ. ಇವರು ಊರಿಗೆಲ್ಲ ಚಾವಿ ಕೊಡುತ್ತಿದ್ದರು, ಹಾಗೆ ಕೊಡುವಾಗ ವಾಚಿಗೂ ಚಾವಿ ಆಗುತ್ತಿತ್ತು.

ಆ ಬೆಳಿಗ್ಗೆ ಸ್ಟೋರಿನಲ್ಲಿ ಮಜೀದನಿಗೆ ಏನೋ ಹೇಳುತ್ತಾ ಕೈ ಎತ್ತಿದವರು ಹಾಗೆಯೇ ಕುಸಿದರು. ಹೃದಯ. ಅದಕ್ಕೆ ಹೊರಗಿನಿಂದ ಚಾವಿ ಕೊಡಲು ಡಾಕ್ಟರುಗಳು ತುಂಬ ಹೊತ್ತು ನೋಡಿದರು. ಆಮೇಲೆ ನರ್ಸು ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಯಲ್ಲಿಟ್ಟಳು. ಅದರೊಳಗೆ ವಾಚು ಓಡುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಜೀದನನ್ನು ಕೇಳಿದೆ, ಕೊನೆಗೆ ಏನು ಹೇಳುತ್ತಿದ್ದರು ಎಂದು. ಮುಖ್ಯವಾದ ಮಾತೇನಾದರೂ ಇದ್ದೀತು ಎಂದು ನನಗೆ.

“ಭೂಕಂಪ್, ಭಾಭಿ” ಎಂದ ಅವನು, ಅಳುತ್ತಾ. “ದುಕಾನ್ ಸಬ್ ಜಲ್ ಗಯಾ, ಉಧರ್ ತಕ್ ಬೋಲಾ.”

ಅಂಗಡಿ ಸುಟ್ಟುಹೋದಲ್ಲಿಗೆ ಮಾತು ನಿಂತಿತ್ತು. ಹೊಸ ವಾಚು ಹಂಚುವುದು ಬಾಕಿ.

ಇವರನ್ನು ಊರಿಗೆ ಕರೆದುಕೊಂಡು ಹೋದೆವು. ವಾಚು ನನ್ನ ಕೈಚೀಲದಲ್ಲಿತ್ತು, ಆಮೇಲೆ ಯಾರು ಯಾರದ್ದೋ ಕೈಯಲ್ಲಿತ್ತು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟದ ದಿನ, ಇವರ ಸೋದರಮಾವ ಅದನ್ನು ಕಿವಿಗಿಟ್ಟು, ತಮ್ಮ ಮೊಬೈಲಿನ ಪಕ್ಕದಲ್ಲಿಟ್ಟು, ನೆರೆದವರಿಗೆಲ್ಲ ತೋರಿಸಿದರು: “ನೋಡಿ, ಇಷ್ಟು ವರ್ಷ ಆದ್ರೂ ಎಷ್ಟು ಕರೆಕ್ಟ್ ಟೈಮು! ಜಪಾನ್ ಅಂದ್ರೆ ಜಪಾನ್.” ಇಪ್ಪತ್ತು ವರ್ಷ ಒಮಾನಿನಲ್ಲಿ ನಗೆಪಾಟಲಾದ ವಾಚಿಗೆ ಊರಲ್ಲಿ ಮೆಚ್ಚುಗೆಯೋ ಮೆಚ್ಚುಗೆ. ನನಗೆ ಅಲ್ಲಿ, ಆ ದಿನ, ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ಅತ್ತಿಗೆ ನೀರು ತಂದುಕೊಟ್ಟಳು.

ನನ್ನ ವೀಸಾ ನನ್ನ ಅಂಗಡಿಯದ್ದೇ ಆದ್ದರಿಂದ, ಮಗಳು ಶ್ರಾವ್ಯಳ ಪರೀಕ್ಷೆಯೂ ಇದ್ದುದರಿಂದ, ಹಿಂದೆ ಬಂದೆವು. ವಾಚನ್ನು ಇವರ ಫೋಟೋದ ಎದುರು ಇಟ್ಟೆ, ಹೂ ಇಟ್ಟೆ. ಪೂಜೆ ಮಾಡಿದರೆ ಓಡುವ ಯಂತ್ರ ಅದಲ್ಲ. ಒಂದು ಶುಕ್ರವಾರ ಬೆಳಿಗ್ಗೆ ನೋಡುತ್ತೇನೆ, ನಿಂತಿದೆ. ಕಿಟಕಿಯಲ್ಲಿ ‘ಜುಮಾ’ ಎಂಬ ಕೆಂಪಕ್ಷರ ಅರ್ಧ ಮಾತ್ರ ಬಂದು ಸಿಕ್ಕಿಕೊಂಡಿದೆ, ಬರಲೋ ಬೇಡವೋ ಎಂಬಂತೆ.

ಆಸ್ಪತ್ರೆಯಲ್ಲಿ ಕೂಗದವಳು ಅವತ್ತು ಕೂಗಿದೆ. ಶ್ರಾವ್ಯ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿಬಂದಳು.

“ವಾಟ್ ಹ್ಯಾಪನ್ಡ್?”

“ಪಪ್ಪನ ವಾಚು ನಿಂತಿತು.”

“ಸೋ? ಬ್ಯಾಟರಿ ಹಾಕ್ಸು, ಅಮ್ಮಾ.”

“ಅದಕ್ಕೆ ಬ್ಯಾಟರಿ ಇಲ್ಲ ಮಗಾ. ಪಪ್ಪನೇ ಬ್ಯಾಟರಿ.”

ಅವಳು ಬ್ರಷ್ಷನ್ನು ಕಚ್ಚಿಕೊಂಡೇ ನನ್ನನ್ನು ತಬ್ಬಿಕೊಂಡಳು; ಹೆಗಲೆಲ್ಲ ಪೇಸ್ಟು. ಇಬ್ಬರೂ ಸೇರಿ ಅಲ್ಲಾಡಿಸಿದೆವು. ಮುಳ್ಳು ಹೊರಟಿತು. ಮೊಬೈಲಿನಲ್ಲಿ ಇಂಡಿಯಾದ ಗಂಟೆ ನೋಡಿ ಹೊಂದಿಸಿದೆವು. ಇನ್ನು ಇದನ್ನು ನಿಲ್ಲಗೊಡುವುದಿಲ್ಲ ಎಂದು ನಾನು ಬಲಗೈಗೆ ಕಟ್ಟಿಕೊಂಡೆ. ನೇಮ ಹಿಡಿದ ಹಾಗೆ. ಇದೊಂದು ನಿಂತರೆ ಇವರ ಕಡೆಯ ಎಲ್ಲವೂ ನಿಂತ ಹಾಗೆ ಎಂದು ಯಾಕೋ ಮನಸ್ಸಿಗೆ ಹತ್ತಿಬಿಟ್ಟಿತ್ತು.

ಮೂರನೆಯ ದಿನ ಪುನಃ ನಿಂತಿತು. ನನ್ನ ಕೈಯಲ್ಲೇ, ಹಗಲು ಹೊತ್ತಿನಲ್ಲಿ, ನಾನು ಕೆಲಸದಲ್ಲಿರುವಾಗಲೇ! ಅವಮಾನವಾಯಿತು. ಜಪಾನಿನ ಯಂತ್ರವೊಂದು ನನ್ನನ್ನು ಪರೀಕ್ಷಿಸಿ, ಈ ಹೆಂಗಸಿನಲ್ಲಿ ಚಲನೆ ಸಾಲದು ಎಂದು ವರದಿ ಕೊಟ್ಟಿತ್ತು. ನಾನು ಮೊದಲಿನಿಂದಲೂ ಕೈ ಕಟ್ಟಿ ಮಾತಾಡುವವಳು. ಅದೂ ಮಾತಾಡಿದರೆ. ಝೆರಾಕ್ಸ್ ಯಂತ್ರದ ಗುಂಡಿ ಒತ್ತಲು ಒಂದು ಬೆರಳು ಸಾಕು. ಇವರು ಹೋದ ಮೇಲಂತೂ ಅಂಗಡಿಯಲ್ಲಿ ‘ಎಷ್ಟು ಪ್ರತಿ’ ಎಂಬುದೊಂದು ಬಿಟ್ಟು ಬೇರೆ ಮಾತಾಡಿದ ನೆನಪಿಲ್ಲ.

ಆಮೇಲೆ ಪ್ರಯೋಗಗಳು ಶುರುವಾದವು. ಹಾಸಿಗೆಯ ಚಾದರ ಕೊಡವಿದರೆ ಒಳ್ಳೆಯದು ಎಂದು ಕಂಡುಹಿಡಿದೆ. ಆದರೆ ಒಂದು ಮನೆಯಲ್ಲಿ ಎಷ್ಟು ಚಾದರ ಇರಲು ಸಾಧ್ಯ? ಎಲ್ಲಕ್ಕಿಂತ ಉತ್ತಮ ಹೆರೆಮಣೆ. ತೆಂಗಿನಕಾಯಿ ಹೆರೆಯುವಾಗ ಬಲಗೈ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಆ ಎರಡು ಉಗುರಿನ ಕಡ್ಡಿಯನ್ನು ಹೆರೆಮಣೆ ನೋಡಿಯೇ ಮಾಡಿದ್ದಿರಬೇಕು. ಒಂದು ಇಡೀ ಕಾಯಿಗೆ ಅರ್ಧ ದಿನ ಓಡುತ್ತದೆ ಎಂದು ನನ್ನ ಅಂದಾಜು. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಗಸಿ, ಸಂಜೆ ಕಾಯಿಹೋಳಿಗೆ, ರಾತ್ರಿಗೆ ತಂಬುಳಿ. ಶ್ರಾವ್ಯ ವಾರವಿಡೀ ಸಹಿಸಿ, ಕೊನೆಗೆ ಚಮಚ ಕೆಳಗಿಟ್ಟಳು.

“ಅಮ್ಮಾ, ಪ್ಲೀಸ್. ವಾಚ್ ಬದುಕ್ತದೆ, ನಾವು ಸಾಯ್ತೇವೆ. ಕೊಲೆಸ್ಟ್ರಾಲ್!”

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ನಾನು ನಕ್ಕೆ. ಆಮೇಲೆ ಅವಳೂ ನಕ್ಕಳು. ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ.

ಅವಳೇ ಮೊಬೈಲಿನಲ್ಲಿ ಒಂದು ಪೆಟ್ಟಿಗೆ ತೋರಿಸಿದಳು. ಇಂಥ ವಾಚುಗಳನ್ನು ಅದರೊಳಗೆ ಮಲಗಿಸಿದರೆ ಕರೆಂಟಿನಿಂದ ಮೆಲ್ಲಗೆ ತಿರುಗಿಸುತ್ತಾ ಇರುತ್ತದಂತೆ. ದೊಡ್ಡವರ ಮನೆಗಳಲ್ಲಿ, ಒಬ್ಬರಿಗೇ ಹತ್ತಾರು ವಾಚಿದ್ದು ಕೈ ಮಾತ್ರ ಎರಡೇ ಇರುವ ಕಷ್ಟಕ್ಕೆ ಇದು ಪರಿಹಾರ. ನನಗೆ ಒಪ್ಪಿಗೆಯಾಗಲಿಲ್ಲ. ಕಥೆ ಹೇಳಿ ಹೇಳಿ ಓಡಿಸಿದ ವಾಚನ್ನು ತೊಟ್ಟಿಲಲ್ಲಿ ಹಾಕಿ ಮೋಟರಿನಿಂದ ತೂಗುವುದೇ?

ಅಷ್ಟರಲ್ಲಿ ಒಂದು ಶುಕ್ರವಾರ ಮಜೀದ್ ಬಂದ, ರುಸ್ತಾಕಿನ ಹಲ್ವದ ಡಬ್ಬಿ ಹಿಡಿದುಕೊಂಡು. ಬಾಗಿಲಲ್ಲೇ ಅವನ ಕಣ್ಣು ನನ್ನ ಬಲಗೈಯ ಮೇಲೆ ಬಿತ್ತು. ಮುಳ್ಳು ಪುನಃ ನಿಂತಿತ್ತು. ನಾನು ಸಂಗತಿ ಹೇಳಿದೆ, ಅಂದರೆ ಶ್ರಾವ್ಯ ಹೇಳಿದಳು.

“ಬಸ್? ಇತನಾ ಹಿ?” ಎಂದು ಅವನು ಕೈ ಚಾಚಿದ. “ಭಾಭಿ, ಮೇರೇಕೋ ದೇವ್. ಮೈ ರೋಜ್ ರುಸ್ತಾಕ್ ಜಾತಾ, ಗಾಡಿ ಚಲಾತಾ. ಏಕ್ ಹಫ್ತಾ. ಯೇ ಘಡಿ ದೌಡೇಗಾ, ಊಂಟ್ ಕೆ ಮಾಫಿಕ್!”

ಒಂದು ವಾರ, ಒಂಟೆಯ ಹಾಗೆ ಓಡಿಸುತ್ತಾನಂತೆ. ಕೊಡಲು ಮನಸ್ಸು ಬರಲಿಲ್ಲ. ಆದರೆ ಇವರು ಕೊನೆಯ ಸಲ ಕೈ ಎತ್ತಿದ್ದು ಅವನೆದುರು. ಬಿಚ್ಚಿ ಕೊಟ್ಟೆ. ಆ ವಾರ ನಾನು ಬಲಗೈ ನೋಡಿಕೊಂಡದ್ದೆಷ್ಟು ಸಲವೋ.

ಮುಂದಿನ ಶುಕ್ರವಾರ ಅವನು ಬಂದ. ಮೀಸೆಯ ಅಡಿಯಲ್ಲಿ ಗೆದ್ದ ನಗು. ಕರವಸ್ತ್ರದಲ್ಲಿ ಸುತ್ತಿದ ವಾಚನ್ನು ಮೇಜಿನ ಮೇಲಿಟ್ಟು ಬಿಡಿಸಿದ. ಫಳಫಳ ತೊಳೆದಿದ್ದ. ಓಡುತ್ತಿತ್ತು. ನಾನು ನೋಡಿದೆ, ಅಭ್ಯಾಸದಂತೆ ಒಂದೂವರೆ ಕಳೆದೆ, ಲೆಕ್ಕ ಸರಿಹೋಗಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಎರಡರಲ್ಲೂ ಒಂದೇ ಗಂಟೆ.

“ಠೀಕ್ ಕರ್ ದಿಯಾ!” ಎಂದ ಮಜೀದ್. “ಇತನಾ ಸಾಲ್ ಗಲತ್ ಥಾ ನಾ, ಭಾಭಿ? ಮೈ ಬೋಲಾ, ಖಲಾಸ್, ಭಾಯಿ ಕೇ ಲಿಯೇ ಠೀಕ್ ಕರೇಗಾ. ಅಭೀ ಘಡಿ ಭೀ ಒಮಾನಿ.”

ತಪ್ಪಿದ್ದನ್ನು ಅಣ್ಣನಿಗಾಗಿ ಸರಿ ಮಾಡಿದ್ದಾನೆ, ಪಾಪ. ಇಷ್ಟು ವರ್ಷ ತಮಾಷೆ ಮಾಡಿದ ಬಾಕಿ ತೀರಿಸಿದ ಸಮಾಧಾನ ಅವನ ಮುಖದಲ್ಲಿ. ನನಗೆ ಕಾಲ ಕೆಳಗಿನ ನೆಲವೇ ಒಂದೂವರೆ ಗಂಟೆ ಹಿಂದಕ್ಕೆ ಸರಿದ ಹಾಗಾಯಿತು. ವಾಚು ಸರಿಯಾಗಿತ್ತು. ಅದರಲ್ಲಿ ಇವರು ಇರಲಿಲ್ಲ.

“ಅಮ್ಮಾ, ಇಟ್ಸ್ ಓಕೆ, ನಾನು ಆಮೇಲೆ ತಿರುಗಿಸ್ತೇನೆ” ಎಂದು ಶ್ರಾವ್ಯ ಕಿವಿಯಲ್ಲಿ ಹೇಳಿದಳು. ಅವಳು ಹೇಳಿದ್ದೇ ಸರಿ. ಅವನಿಗೆ ಶುಕ್ರಿಯಾ ಹೇಳಿ, ಚಹಾ ಕೊಟ್ಟು ಕಳುಹಿಸಬಹುದಿತ್ತು. ನಾನು ಅಂಥವಳೇ. ಆದರೆ ಅವತ್ತು ಬಾಯಿ ತೆರೆಯಿತು.

“ಮಜೀದ್ ಭಾಯಿ, ಬೈಠೋ” ಎಂದೆ. “ಯೇ ಗಲತ್ ನಹೀ ಥಾ.”

ನನ್ನ ಹಿಂದಿ ಝೆರಾಕ್ಸಿನ ಮೂರನೆಯ ಪ್ರತಿಯ ಹಾಗೆ, ಮಸುಕು ಮಸುಕು. ಅದರಲ್ಲೇ ಹೊರಟೆ. ವಿಮಾನದಲ್ಲಿ ಮುಳ್ಳು ತಿರುಗಿಸಿದ್ದು ಹೇಳಿದೆ. ಮುಂದಿನ ರಜೆಗೆಂದು ಹಾಗೇ ಇಟ್ಟದ್ದು ಹೇಳಿದೆ. ಊರಿಗೆ ಹೋದಾಗ ಪ್ರತಿ ಸಲ ಅದು ಯಾರೂ ಮುಟ್ಟದೆ ತಾನಾಗಿಯೇ ಸರಿಯಾಗುತ್ತಿದ್ದದ್ದು, ಕೊನೆಯ ಸಲವೂ ಸರಿಯಾಗಿದ್ದದ್ದು, ಸೋದರಮಾವ ಕಿವಿಗಿಟ್ಟು ಜಪಾನ್ ಅಂದ್ರೆ ಜಪಾನ್ ಎಂದದ್ದು. ಮಜೀದ್ ತಲೆಯ ಮೇಲಿನ ಕುಮ್ಮಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಾತು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೇಜಿನ ಮೇಲಿದ್ದ ವಾಚನ್ನು ಕೈಗೆ ಕಟ್ಟಿಕೊಂಡು ಟೋಕಿಯೋಗೆ ಹೋದೆ. ಮಳೆ ಬಂತು. ಹುಡುಗ ಕಸಬು ಹುಡುಕಿದ. ಮಜೀದ್ ನಡುವೆ ಬಾಯಿ ಹಾಕಿದ, “ನಹೀ ಭಾಭಿ, ಭಾಯಿ ಬೋಲಾ ಥಾ, ಪಹಲೇ ಪುರಾನಾ ಘಡಿ ಬೇಚತಾ ಥಾ.” ಹೌದು, ಮೊದಲು ಹಳೆಯ ಗಡಿಯಾರ ಕೊಂಡು ರಿಪೇರಿ ಮಾಡಿ ಮಾರುತ್ತಿದ್ದ, ನಾನು ಬಿಟ್ಟಿದ್ದೆ. ಸೇರಿಸಿಕೊಂಡೆ. ಭೂಕಂಪ ಬಂತು. ಮೇಜು ಅಲ್ಲಾಡಿತು, ಹಲ್ವದ ಡಬ್ಬಿ ಕುಣಿಯಿತು. ದುಕಾನ್ ಜಲ್ ಗಯಾ. ಸಬ್ ಘಡಿ ಜಲ್ ಗಯಾ.

ಅಲ್ಲಿಗೆ ಬಂದು ನಾವಿಬ್ಬರೂ ನಿಂತೆವು. ಅಂದು ಸ್ಟೋರಿನಲ್ಲಿ ಮಾತು ನಿಂತದ್ದು ಅಲ್ಲೇ ಎಂದು ಇಬ್ಬರಿಗೂ ಗೊತ್ತಿತ್ತು. ನನ್ನ ಎರಡು ಕೈಗಳೂ ಗಾಳಿಯಲ್ಲಿದ್ದವು.

“ಫಿರ್?” ಎಂದ ಮಜೀದ್, ಗೊತ್ತಿಲ್ಲದವನ ಹಾಗೆ.

“ಫಿರ್ ಸಬ್ ಕೋ ನಯಾ ಘಡಿ ದಿಯಾ” ಎಂದೆ. ಕೈಗಳು ಹಂಚಿದವು: ಅವನಿಗೊಂದು, ಶ್ರಾವ್ಯಳಿಗೊಂದು, ಗೋಡೆಯ ಫೋಟೋಗೊಂದು.

ಮಜೀದ್ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. “ಉಸ್ ದಿನ್ ಆಧಾ ಥಾ, ಭಾಭಿ. ಆಜ್ ಪೂರಾ ಹುವಾ.” ಆಮೇಲೆ ನನ್ನ ಕೈಯಿಂದ ವಾಚು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಸಣ್ಣ ತಿರುಪನ್ನು ಎಳೆದು, ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದ. “ಖಲಾಸ್. ವಾಪಸ್ ಹಿಂದಿ.” ಬಾಗಿಲ ಹತ್ತಿರ ಹೋದವನು ತಿರುಗಿ ಸೇರಿಸಿದ: “ಲೇಕಿನ್ ರಮದಾನ್ ಮೇ ಮೈ ಇಧರ್ ಟೈಮ್ ನಹೀ ಪೂಛೇಗಾ.”

ಅವನು ಹೋದ ಮೇಲೆ ಶ್ರಾವ್ಯ ನನ್ನನ್ನೇ ನೋಡುತ್ತಾ ನಿಂತಿದ್ದಳು.

“ಅಮ್ಮಾ, ಯುವರ್ ಹ್ಯಾಂಡ್ಸ್” ಎಂದಳು. “ಸೇಮ್ ಪಪ್ಪ.”

ಅಂದಿನಿಂದ ವಾಚು ನಿಂತಿಲ್ಲ. ತೆಂಗಿನಕಾಯಿಯ ಖರ್ಚು ಮೊದಲಿನಷ್ಟಕ್ಕೆ ಇಳಿದಿದೆ. ಅಂಗಡಿಗೆ ಬರುವ ಹುಡುಗಿಯರು ಸರಿ ಯಾವುದು ಎಂದು ಕೇಳಿದರೆ ಈಗ ನಾನು ಮೊದಲು ಯಂತ್ರಕ್ಕೆ ಕಾಗದ ತುಂಬಿಸಿ, ಆಮೇಲೆ ಟೋಕಿಯೋದ ಮಳೆಯಿಂದ ಶುರು ಮಾಡುತ್ತೇನೆ. ಹಿಂದೆ ಸಾಲು ಬೆಳೆಯುತ್ತದೆ. ಅವರಲ್ಲಿ ಕೆಲವರು ಭೂಕಂಪ ಬರುವ ಮೊದಲೇ ತಮ್ಮ ಕಾಗದಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಕಲಿತಿದ್ದಾರೆ.

ಇದನ್ನು ನಾನು ಕಂಪ್ಯೂಟರಿನಲ್ಲಿ ಬರೆಯಲಿಲ್ಲ. ಶ್ರಾವ್ಯ ಟೈಪ್ ಮಾಡಿಕೊಡುತ್ತೇನೆಂದಳು, ಬೇಡವೆಂದೆ. ಬಲಗೈಯಲ್ಲಿ ಪೆನ್ನು ಹಿಡಿದು, ಸಾಲಿನ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ ಬಂದು ಬರೆದೆ. ಹೇಳಬೇಕಾದದ್ದನ್ನು ಇದರ ಅರ್ಧದಲ್ಲಿ ಹೇಳಬಹುದಿತ್ತಲ್ಲ, ಸೊಸೆಯರು, ಬಂಗುಡೆ ಸಾರು ಎಲ್ಲ ಯಾಕೆ ಬೇಕಿತ್ತು ಎಂದು ನಿಮಗೆ ಅನ್ನಿಸಿದ್ದರೆ ಅದು ನ್ಯಾಯವೇ. ನಾಳೆ ಅಂಗಡಿಗೆ ರಜೆ, ಮಾತಾಡಲು ಗಿರಾಕಿ ಸಿಗುವುದಿಲ್ಲ. ಇವರ ವಾಚಿಗೆ ಇನ್ನೂ ಸ್ವಲ್ಪ ಚಾವಿ ಬೇಕಿತ್ತು.